‘ತಾನಿಸಿ’ ಎಂದವರಿಗೆ ಏನೆಂದು ಮರುಮಾತು ಹೇಳಬೇಕು?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಕೆನಡಾದ ಸಾಸ್ಕ್ಯಾಚೆವಾನ್ ಪ್ರಾಂತದ ಪ್ರಿನ್ಸ್ ಆಲ್ಬರ್ಟ್ ಎಂಬ ಊರಿನ ಔಷಧದಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಅಂಗಡಿಗೆ ಬರುವ, ಕೆನಡಾದ ಮೂಲನಿವಾಸಿಗಳಾದ ಕ್ರೀ ಸಮುದಾಯದ ಹಿರಿಯರಲ್ಲಿ ಕೆಲವರು ‘ತಾನ್ಸಿ’ ಎಂದು ಮಾತನಾಡಿಸುತ್ತಾರೆ. ನಾನು ನಕ್ಕು ‘ಹಲೋ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಅಂತರ್ಜಾಲದಲ್ಲಿ ಹುಡುಕಿದರೆ ಒಂದು ಕಡೆ ‘ತಾನಿಸಿ’, ಇನ್ನೊಂದು ಕಡೆ ‘ವಾಸಿಯೆ’ ಎಂದಿದೆ. ‘ಧನ್ಯವಾದ’ಕ್ಕಂತೂ ಮೂರು ಪದಗಳಿವೆ. ಯಾವುದು ಸರಿ? ಅಲ್ಲಿಯ ಅಜ್ಜಿಯರನ್ನು ಎಲ್ಲರೂ ‘ಕೋಕುಮ್’ ಎನ್ನುತ್ತಾರೆ. ನಾನೂ ಹಾಗೆ ಕರೆಯಬಹುದೇ?

ಉತ್ತರ: ಮೊದಲು ನಿಮ್ಮ ಅಂಗಡಿಯ ಕಟ್ಟೆಯ ಬಳಿ ನಡೆಯುವ ಮಾತನ್ನೇ ನೋಡೋಣ. ‘ತಾನಿಸಿ’ ಎಂಬುದು ನಮ್ಮ ‘ನಮಸ್ಕಾರ’ದಂತಹ ವಂದನೆಯ ಪದವಲ್ಲ, ಅದರ ಅರ್ಥ ‘ಹೇಗೆ’ ಎಂದಷ್ಟೇ. ‘ನಿಮ್ಮ ಹೆಸರೇನು’ ಎಂದು ಕೇಳುವಾಗಲೂ ಇದೇ ಪದ ಬರುತ್ತದೆ: ‘ತಾನಿಸಿ ಕಿತಿಸಿಯಿಹ್ಕಾಸೊನ್’, ಅಂದರೆ ‘ನಿನ್ನನ್ನು ಹೇಗೆ ಕರೆಯುತ್ತಾರೆ’. ಆಡುಮಾತಿನಲ್ಲಿ ನಡುವಿನ ‘ಇ’ಕಾರ ಬಿದ್ದುಹೋಗಿ ‘ತಾನ್ಸಿ’ ಎಂದು ಕೇಳಿಸುತ್ತದೆ, ನಮ್ಮಲ್ಲಿ ‘ಹೇಗಿದ್ದೀರಿ’ ಎಂಬುದು ಬಾಯಲ್ಲಿ ‘ಹೇಗಿದೀರಿ’ ಆಗುವ ಹಾಗೆ. ನಿಮ್ಮನ್ನು ಕಂಡವರು ‘ತಾನ್ಸಿ’ ಎಂದಾಗ ಅವರು ಒಂದು ಪ್ರಶ್ನೆಯನ್ನೇ ಕೇಳಿದ್ದಾರೆ. ಹಾಗಾಗಿ ಅದಕ್ಕೆ ತಿರುಗಿ ‘ತಾನ್ಸಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲವಾದರೂ, ವಾಡಿಕೆಯ ಮರುಮಾತು ಬೇರೆಯೇ ಇದೆ. ಅದು ‘ನಮೋಯ ನಾನಿತವ್, ಕಿಯ ಮಾಕ?’. ‘ನಮೋಯ’ ಎಂದರೆ ಇಲ್ಲ. ‘ನಾನಿತವ್’ ಎಂದರೆ ಇಲ್ಲಿಯ ಸಂದರ್ಭದಲ್ಲಿ ಏನೋ ಒಂದು ತೊಡಕು, ಹೆಚ್ಚುಕಮ್ಮಿ. ಎರಡೂ ಸೇರಿದರೆ ‘ಏನೂ ತೊಂದರೆಯಿಲ್ಲ’ ಎಂದಾಗುತ್ತದೆ. ‘ಕಿಯ’ ಎಂದರೆ ನೀನು, ‘ಮಾಕ’ ಎಂದರೆ ಮತ್ತೆ ಅಥವಾ ಆದರೆ. ಒಟ್ಟಿನಲ್ಲಿ ‘ನೀನು ಹೇಗೆ ಮತ್ತೆ?’. ಹಳ್ಳಿಯ ಕಡೆ ‘ಹೇಗಿದ್ದೀಯಪ್ಪ’ ಎಂದರೆ ‘ಏನೂ ತೊಂದರೆಯಿಲ್ಲ, ನೀವು?’ ಎಂದು ಉತ್ತರಿಸುವ ನಮಗೆ ಈ ಧಾಟಿ ಅಪರಿಚಿತವೇನಲ್ಲ. ಇಷ್ಟನ್ನು ಕಲಿತರೆ ನಿಮ್ಮ ಪ್ರಶ್ನೆಯ ಅರ್ಧಭಾಗಕ್ಕೆ ಉತ್ತರ ಸಿಕ್ಕಂತೆ.

ಇನ್ನು ‘ತಾನಿಸಿ’ ಮತ್ತು ನೀವು ‘ವಾಸಿಯೆ’ ಎಂದು ಬರೆದಿರುವ ಪದಗಳಲ್ಲಿ ಯಾವುದು ಸರಿ ಎಂಬ ವಿಚಾರ. ಎರಡೂ ಸರಿಯೇ, ಆದರೆ ಎರಡೂ ಒಂದೇ ಊರಿನವಲ್ಲ. ಕ್ರೀ ಎಂಬುದು ಒಂದೇ ಅಚ್ಚಿನ ಭಾಷೆಯಲ್ಲ. ಪಶ್ಚಿಮದಲ್ಲಿ ಆಲ್ಬರ್ಟಾದಿಂದ ಪೂರ್ವದಲ್ಲಿ ಕ್ವಿಬೆಕ್‌ವರೆಗೆ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಹಬ್ಬಿರುವ, ಅಕ್ಕಪಕ್ಕದವರಿಗೆ ಪರಸ್ಪರ ತಿಳಿಯುವ, ಆದರೆ ಎರಡು ತುದಿಯವರಿಗೆ ಅಷ್ಟಾಗಿ ತಿಳಿಯದ ಉಪಭಾಷೆಗಳ ಸರಪಳಿ. ಇದು ಉತ್ತರ ಅಮೆರಿಕದ ಅಲ್ಗೊಂಕಿಯನ್ ಎಂಬ ಭಾಷಾಕುಟುಂಬಕ್ಕೆ ಸೇರಿದೆ. 2021ರ ಕೆನಡಾ ಜನಗಣತಿಯ ಪ್ರಕಾರ ಇದನ್ನು ಮಾತನಾಡಬಲ್ಲವರು ಸುಮಾರು 86 ಸಾವಿರ. ಆ ದೇಶದ ಮೂಲನಿವಾಸಿ ಭಾಷೆಗಳಲ್ಲಿ ಇದೇ ದೊಡ್ಡದು. ನಿಮ್ಮ ಸುತ್ತಮುತ್ತ ಹೆಚ್ಚಾಗಿ ಇರುವುದು ಬಯಲುಸೀಮೆಯ ಕ್ರೀ. ಅದನ್ನಾಡುವವರು ತಮ್ಮನ್ನು ‘ನೇಹಿಯವ್’ ಎಂದೂ ಭಾಷೆಯನ್ನು ‘ನೇಹಿಯವೇವಿನ್’ ಎಂದೂ ಕರೆದುಕೊಳ್ಳುತ್ತಾರೆ. ಉತ್ತರಕ್ಕೆ ಲಾ ರಾಂಜ್ ಕಡೆಗೆ ಹೋದರೆ ಕಾಡಿನ ಕ್ರೀ, ಈಶಾನ್ಯದ ಕಂಬರ್ಲೆಂಡ್ ಹೌಸ್ ಕಡೆಗೆ ಹೋದರೆ ಜೌಗುನೆಲದ ಕ್ರೀ. ಪ್ರಿನ್ಸ್ ಆಲ್ಬರ್ಟ್ ಊರು ಉತ್ತರಕ್ಕೆಲ್ಲ ಹೆಬ್ಬಾಗಿಲಿನಂತಿರುವುದರಿಂದ ಈ ಮೂರೂ ಬಗೆಯ ಮಾತು ನಿಮ್ಮ ಕಿವಿಗೆ ಬೀಳಬಹುದು.

ಈ ಉಪಭಾಷೆಗಳನ್ನು ಗುರುತಿಸಲು ಒಂದು ಸುಲಭದ ಉಪಾಯವಿದೆ. ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ, ಪ್ರಾಚೀನ ಅಲ್ಗೊಂಕಿಯನ್ನಿನ ಒಂದು ಧ್ವನಿ ಕ್ರೀಯ ಒಂದೊಂದು ಸೀಮೆಯಲ್ಲಿ ಒಂದೊಂದು ರೂಪ ತಾಳಿದೆ. ‘ನಾನು’ ಎನ್ನಲು ಬಯಲುಸೀಮೆಯವರು ‘ನಿಯ’ ಎನ್ನುತ್ತಾರೆ; ಕಾಡಿನವರು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ‘ನೀದ’ ಎನ್ನುತ್ತಾರೆ; ಜೌಗುನೆಲದವರದು ‘ನೀನ’; ಜೇಮ್ಸ್ ಕೊಲ್ಲಿಯ ಬಳಿಯ ಮೂಸ್ ಫ್ಯಾಕ್ಟರಿಯವರದು ‘ನೀಲ’; ಕ್ವಿಬೆಕ್‌ನ ಅತಿಕಮೆಕ್ ಜನರದು ‘ನೀರ್’. ಕಂಬರ್ಲೆಂಡ್ ಹೌಸಿನ ಅಜ್ಜನೊಬ್ಬ ತನ್ನ ಎದೆ ಮುಟ್ಟಿಕೊಂಡು ‘ನೀನ’ ಎಂದರೆ ಕನ್ನಡದ ಕಿವಿ ಗೊಂದಲಕ್ಕೆ ಬೀಳುವುದು ಖಂಡಿತ. ಆತ ನಿಮ್ಮನ್ನು ಕುರಿತು ಹೇಳುತ್ತಿಲ್ಲ, ತನ್ನನ್ನೇ ಕುರಿತು ಹೇಳುತ್ತಿದ್ದಾನೆ.

‘ವಾಸಿಯೆ’ ಎಂದು ನೀವು ಓದಿಕೊಂಡಿರುವ ಪದದ ಸರಿಯಾದ ಉಚ್ಚಾರ ‘ವಾಚಿಯೇ’. ಕ್ರೀಯನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಬಳಸುವ ‘ಸಿ’ (c) ಅಕ್ಷರಕ್ಕೆ ಎಲ್ಲ ಕಡೆಯೂ ‘ಚ’ ಅಥವಾ ‘ತ್ಸ’ಕ್ಕೆ ಹತ್ತಿರದ ಧ್ವನಿ, ಅದು ಎಂದೂ ‘ಸ’ ಅಥವಾ ‘ಕ’ ಆಗುವುದಿಲ್ಲ. ಇದು ಜೇಮ್ಸ್ ಕೊಲ್ಲಿಯ ಸುತ್ತಣ ಕ್ರೀ ಜನರ ವಂದನೆ. ಭೇಟಿಯಾದಾಗಲೂ ಬೀಳ್ಕೊಡುವಾಗಲೂ ಸಲ್ಲುತ್ತದೆ. ಕೊಲ್ಲಿಯ ಪೂರ್ವ ದಡದಲ್ಲಿ ‘ವಾಚಿಯ’ ಎನ್ನುತ್ತಾರೆ. ಇದರ ಹುಟ್ಟು ಕುತೂಹಲಕರ. 1668ರಲ್ಲಿ ‘ನಾನ್‌ಸಚ್’ ಎಂಬ ಇಂಗ್ಲಿಷ್ ಹಡಗು ರೂಪರ್ಟ್ ನದಿಯ ಮುಖಕ್ಕೆ ಬಂದು ತುಪ್ಪಳದ ವ್ಯಾಪಾರ ನಡೆಸಿತು. ಅದರ ಬೆನ್ನಲ್ಲೇ 1670ರಲ್ಲಿ ಹಡ್ಸನ್ಸ್ ಬೇ ಕಂಪನಿ ಸ್ಥಾಪನೆಯಾಯಿತು. ಆ ಕಾಲದ ಇಂಗ್ಲಿಷ್ ನಾವಿಕರು ಒಬ್ಬರನ್ನೊಬ್ಬರು ‘ವಾಟ್ ಚಿಯರ್’ ಎಂದು ಮಾತನಾಡಿಸುತ್ತಿದ್ದರು, ಅಂದರೆ ‘ಏನು ಸಮಾಚಾರ’ ಎಂಬಂತೆ. ಇದೇ ಕ್ರೀ ನಾಲಿಗೆಗೆ ಒಗ್ಗಿ ‘ವಾಚಿಯೇ’ ಆಯಿತೆಂಬುದು ಭಾಷಾಶಾಸ್ತ್ರಜ್ಞರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಮರೆತುಹೋದ ಮಾತು ಕೊಲ್ಲಿಯ ದಡದಲ್ಲಿ ಇಂದಿಗೂ ದಿನಬಳಕೆಯಲ್ಲಿದೆ. ನಿಮ್ಮ ಊರಿನಲ್ಲಿ ಮಾತ್ರ ‘ತಾನಿಸಿ’ಯನ್ನೇ ಹಿಡಿಯಿರಿ.

ಈಗ ‘ಧನ್ಯವಾದ’ದ ಮೂರು ಪದಗಳಿಗೆ ಬರೋಣ. ‘ಮೀಕ್ವೇಚ್’ ಎಂಬುದು ಜೌಗುನೆಲ ಮತ್ತು ಮೂಸ್ ಕ್ರೀಯವರದು, ನೆರೆಯ ಒಜಿಬ್ವೆ ಭಾಷೆಯಲ್ಲೂ ಇದೆ. ‘ಹಾಯ್ ಹಾಯ್’ ಅಥವಾ ‘ಅಯ್ ಹಾಯ್’ ಎಂಬುದು ಬಯಲುಸೀಮೆಯಲ್ಲಿ, ಅದರಲ್ಲೂ ಆಲ್ಬರ್ಟಾ ಕಡೆ, ಹೆಚ್ಚು ಕೇಳಿಬರುತ್ತದೆ. ಇಂಗ್ಲಿಷಿನ ‘ಹಾಯ್’ ಎಂದು ಭಾವಿಸಿ ನೀವು ತಿರುಗಿ ಕೈಬೀಸಬಾರದು, ಅಷ್ಟೆ. ಮೂರನೆಯದು ‘ಕಿನನಾಸ್ಕೊಮಿತಿನ್’. ನಿಮ್ಮ ಸೀಮೆಗೆ ಇದೇ ಸರಿಯಾದದ್ದು. ಉದ್ದವಾಯಿತೆಂದು ಹೆದರಬೇಕಿಲ್ಲ, ಏಕೆಂದರೆ ಇದೊಂದನ್ನು ಬಿಡಿಸಿ ನೋಡಿದರೆ ಕ್ರೀ ಭಾಷೆಯ ಒಳಗಟ್ಟೇ ಕಾಣುತ್ತದೆ.

‘ನನಾಸ್ಕೊಮ್’ ಎಂಬುದು ಧಾತು, ಒಬ್ಬರಿಗೆ ಕೃತಜ್ಞತೆ ಸಲ್ಲಿಸು ಎಂದರ್ಥ. ಅದರ ಮುಂದೆ ‘ಕಿ’, ಅಂದರೆ ನೀನು. ಹಿಂದೆ ‘ಇತಿನ್’, ಅಂದರೆ ಈ ಕ್ರಿಯೆ ನನ್ನಿಂದ ನಿನ್ನ ಕಡೆಗೆ ಹರಿಯುತ್ತಿದೆ ಎಂಬ ಸೂಚನೆ. ಕನ್ನಡದಲ್ಲಿ ‘ನಿನಗೆ ವಂದಿಸುತ್ತೇನೆ’ ಎಂದಾಗ ಕ್ರಿಯಾಪದದ ಕೊನೆಯಲ್ಲಿ ಇರುವುದು ‘ನಾನು’ ಮಾತ್ರ. ‘ನಿನಗೆ’ ಎಂಬುದು ಹೊರಗೆ ಬೇರೆ ಪದವಾಗಿ ನಿಲ್ಲುತ್ತದೆ. ಕ್ರೀಯಲ್ಲಿ ಇಬ್ಬರೂ ಒಂದೇ ಕ್ರಿಯಾಪದದೊಳಗೆ ಇದ್ದಾರೆ, ಮತ್ತು ಮುಂದೆ ನಿಲ್ಲುವುದು ಯಾವಾಗಲೂ ಕೇಳುವವನೇ. ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದಕ್ಕೂ ಈ ಸ್ಥಾನಕ್ಕೂ ಸಂಬಂಧವಿಲ್ಲ. ‘ಕಿಸಾಕಿಹಿತಿನ್’ ಎಂದರೆ ನಾನು ನಿನ್ನನ್ನು ಪ್ರೀತಿಸುತ್ತೇನೆ; ‘ಕಿಸಾಕಿಹಿನ್’ ಎಂದರೆ ನೀನು ನನ್ನನ್ನು ಪ್ರೀತಿಸುತ್ತೀಯೆ. ಎರಡರಲ್ಲೂ ಮೊದಲ ಅಕ್ಷರ ‘ಕಿ’ಯೇ; ಬದಲಾಗುವುದು ಬಾಲ ಮಾತ್ರ. ‘ನಾನು’ ಎಂಬುದರ ‘ನಿ’ ಮುಂದೆ ಬರಬೇಕಾದರೆ ಮಾತಿನಲ್ಲಿ ‘ನೀನು’ ಇರಲೇಬಾರದು: ‘ನಿಸಾಕಿಹಾವ್’, ಅವನನ್ನು ಅಥವಾ ಅವಳನ್ನು ಪ್ರೀತಿಸುತ್ತೇನೆ. ಇದನ್ನು ಕ್ರೀ ಜನರ ವಿನಯದ ಗುರುತು ಎಂದು ಬಣ್ಣಿಸುವವರಿದ್ದಾರೆ. ವ್ಯಾಕರಣದಿಂದ ಜನರ ಗುಣವನ್ನು ಅಳೆಯುವ ಈ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಆದರೆ ಕಲಿಯುವವರಿಗೆ ಇದು ನೆನಪಿಡಲು ಒಳ್ಳೆಯ ಗೂಟ. ಎದುರಿಗೆ ಇಬ್ಬರು ಮೂವರು ಇದ್ದರೆ ಬಾಲ ಬೆಳೆದು ‘ಕಿನನಾಸ್ಕೊಮಿತಿನಾವಾವ್’ ಆಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ಹಿರಿಯರೊಬ್ಬರೇ ಬಂದಾಗ ಗೌರವಕ್ಕಾಗಿ ಬಹುವಚನ ಬಳಸುವ ನಮ್ಮ ಪದ್ಧತಿಯನ್ನು ಅಲ್ಲಿಗೆ ಒಯ್ಯಬೇಡಿ. ಕನ್ನಡದವರಿಗೆ ವಯಸ್ಸಾದವರನ್ನು ‘ಕಿಯ’ ಎಂದು ಏಕವಚನದಲ್ಲಿ ಕರೆಯುವಾಗ ನಾಲಿಗೆ ತಡವರಿಸುತ್ತದೆ. ಆದರೆ ‘ನೀವುಗಳು’ ಎಂಬರ್ಥದ ‘ಕಿಯವಾವ್’ ಎಂದರೆ ಅಜ್ಜಿ ತನ್ನ ಹಿಂದೆ ಬೇರೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿಯಾಳು. ಗೌರವವನ್ನು ಅಲ್ಲಿ ಹೊರುವುದು ಸರ್ವನಾಮವಲ್ಲ, ನಂಟಿನ ಹೆಸರು. ಹಾಗಾಗಿ ನಿಮ್ಮ ‘ಕೋಕುಮ್’ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕಾಗಿದೆ.

ಕ್ರೀಯಲ್ಲಿ ಬರಿಯ ‘ಅಜ್ಜಿ’ ಎಂದು ಹೇಳಲು ಬರುವುದಿಲ್ಲ. ನಂಟಿನ ಪದಗಳು ಯಾರ ನಂಟು ಎಂಬುದನ್ನು ಹೊತ್ತುಕೊಂಡೇ ಹುಟ್ಟುತ್ತವೆ: ‘ನೋಹ್ಕೊಮ್’ ನನ್ನ ಅಜ್ಜಿ, ‘ಕೋಹ್ಕೊಮ್’ ನಿನ್ನ ಅಜ್ಜಿ, ‘ಒಹ್ಕೊಮ’ ಅವನ ಅಥವಾ ಅವಳ ಅಜ್ಜಿ. ಅಜ್ಜನಿಗೂ ಹಾಗೆಯೇ, ‘ನಿಮೊಸೋಮ್’ ನನ್ನ ಅಜ್ಜ, ‘ಕಿಮೊಸೋಮ್’ ನಿನ್ನ ಅಜ್ಜ. ಮನೆಯಲ್ಲಿ ದೊಡ್ಡವರು ಮಗುವಿಗೆ ‘ನಿನ್ನ ಅಜ್ಜಿ ಬಂದಳು ನೋಡು’ ಎಂದು ಹೇಳುವಾಗಿನ ‘ಕೋಹ್ಕೊಮ್’ ಪದವೇ ಕೆನಡಾದ ಇಂಗ್ಲಿಷಿಗೆ ‘ಕೋಕುಮ್’ ಆಗಿ ಹೋಯಿತು; ಅಜ್ಜನ ಪದ ‘ಮೂಶುಮ್’ ಆಯಿತು. ಹಾಗಾಗಿ ಇಂಗ್ಲಿಷ್ ಮಾತಿನ ನಡುವೆ ‘ಕೋಕುಮ್’ ಎಂದು ಕರೆಯುವುದು ಅಲ್ಲಿ ರೂಢಿಯಾದರೂ, ಕ್ರೀಯಲ್ಲೇ ಮಾತನಾಡುತ್ತಾ ಎದುರಿನ ಅಜ್ಜಿಯನ್ನು ‘ಕೋಹ್ಕೊಮ್’ ಎಂದರೆ ‘ನಿನ್ನ ಅಜ್ಜೀ’ ಎಂದು ಕೂಗಿದಂತೆ ವಿಚಿತ್ರವಾಗುತ್ತದೆ. ಕರೆಯುವ ರೂಪ ‘ನೋಹ್ಕೋ’, ಅಜ್ಜನಿಗೆ ‘ನಿಮೊಸೋ’. ನಮ್ಮೂರಿನಲ್ಲಿ ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತ ಮುದುಕಿಯನ್ನು ‘ಅಜ್ಜಿ’ ಎನ್ನಲು ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅಲ್ಲಿಯೂ ಹಿರಿಯರನ್ನು ಹೀಗೆ ಕರೆಯುವ ವಾಡಿಕೆ ಸಮುದಾಯದೊಳಗೆ ಇದೆ; ಆದರೆ ನೀವು ಹೊರಗಿನವರು, ಮೇಲಾಗಿ ಕೆಲಸದ ಜಾಗದಲ್ಲಿ ಇರುವವರು. ಮೊದಲ ಭೇಟಿಯಲ್ಲಿ ಹೆಸರು ಹಿಡಿದೇ ಮಾತನಾಡಿಸಿ. ಆ ತಾಯಿಯೇ ಒಂದು ದಿನ ‘ನನ್ನನ್ನು ಕೋಕುಮ್ ಎನ್ನು’ ಎಂದರೆ ಅಂದಿನಿಂದ ಸಂಕೋಚವಿಲ್ಲದೆ ಕರೆಯಿರಿ.

ನಂಟಿನ ಪದಗಳ ಬಗ್ಗೆ ಇನ್ನೂ ಒಂದು ಸಂಗತಿಯನ್ನು ಹೇಳದಿದ್ದರೆ ಕನ್ನಡದವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರು ಕ್ರೀ ಕಲಿಯುವಾಗ ಚಿಕ್ಕಪ್ಪ, ಮಾವ, ಅತ್ತೆ ಎಂಬ ಭೇದಗಳ ಮುಂದೆ ತಲೆಕೆರೆದುಕೊಳ್ಳುತ್ತಾರೆ. ನಿಮಗೆ ಅದು ತಾಯಿಯ ಹಾಲಿನೊಂದಿಗೆ ಬಂದದ್ದು. ‘ನೋಹ್ತಾವಿಯ್’ ಎಂದರೆ ನನ್ನ ತಂದೆ. ತಂದೆಯ ಸಹೋದರ ‘ನೋಹ್ಚಾವೀಸ್’, ಅದೇ ಪದದ ಕಿರಿದಾದ ರೂಪ, ಅಂದರೆ ಅಕ್ಷರಶಃ ‘ಚಿಕ್ಕಪ್ಪ’. ‘ನಿಕಾವಿಯ್’ ನನ್ನ ತಾಯಿ. ತಾಯಿಯ ಸಹೋದರಿ ‘ನಿಕಾವೀಸ್’, ಅಂದರೆ ‘ಚಿಕ್ಕಮ್ಮ’. ತಾಯಿಯ ಅಣ್ಣತಮ್ಮಂದಿರಿಗೆ ಬೇರೆ ಪದ, ‘ನಿಸಿಸ್’. ಅದೇ ಪದ ಹೆಂಡತಿಯ ಅಥವಾ ಗಂಡನ ತಂದೆಗೂ ಸಲ್ಲುತ್ತದೆ, ನಮ್ಮ ‘ಮಾವ’ನ ಹಾಗೆ. ತಂದೆಯ ಅಕ್ಕತಂಗಿಯರು ‘ನಿಸಿಕೊಸ್’. ಗಂಡನ ಅಥವಾ ಹೆಂಡತಿಯ ತಾಯಿಯೂ ‘ನಿಸಿಕೊಸ್’, ನಮ್ಮ ‘ಅತ್ತೆ’ಯ ಹಾಗೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಣ್ಣತಮ್ಮ ಅಕ್ಕತಂಗಿಯರು. ಸೋದರತ್ತೆ, ಸೋದರಮಾವನ ಮಕ್ಕಳು ಬೇರೆಯೇ ಸಾಲು. ಗಂಡಿಗೆ ಅತ್ತೆಮಗಳು, ಹೆಣ್ಣಿಗೆ ಮಾವನ ಮಗ ‘ನೀತಿಮ್’ ಆಗುತ್ತಾರೆ. ನಾದಿನಿ ಮೈದುನರೂ ಅದೇ ಪದದೊಳಗೆ ಬರುತ್ತಾರೆ, ಮತ್ತು ಇವರ ನಡುವೆ ಚೇಷ್ಟೆ ಪರಿಹಾಸಗಳಿಗೆ ಅವಕಾಶವಿದೆ. ಅತ್ತೆಮಗಳನ್ನು ಕಂಡರೆ ಕೆಣಕದೆ ಬಿಡದ ನಮ್ಮ ಕಡೆಯ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದನ್ನು ಕೇಳಿ ಕ್ರೀಗೂ ಕನ್ನಡಕ್ಕೂ ರಕ್ತಸಂಬಂಧವಿದೆ ಎಂದು ಯಾರೂ ಹಿಗ್ಗಬೇಕಾಗಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬೃಹತ್ ಅಧ್ಯಯನದಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ನಂಟಿನ ಪದಗಳನ್ನೂ ತಮಿಳು, ತೆಲುಗು, ಕನ್ನಡಗಳ ಪದಗಳನ್ನೂ ಕೋಷ್ಟಕಗಳಲ್ಲಿ ಇಟ್ಟು ಈ ಹೋಲಿಕೆಯನ್ನು ಎತ್ತಿ ತೋರಿಸಿದ. ಇದರಿಂದ ಒಂದೇ ಮೂಲವನ್ನು ಊಹಿಸುವ ಅವನ ತೀರ್ಮಾನ ನಿಲ್ಲಲಿಲ್ಲ. ಸೋದರಿಕೆಯ ಮದುವೆಗೆ ಅವಕಾಶವಿರುವ ಸಮಾಜಗಳಲ್ಲಿ ಮಾವನೂ ಹೆಣ್ಣುಕೊಟ್ಟ ಮಾವನೂ ಒಬ್ಬನೇ ಆಗುವುದರಿಂದ ಪದವೂ ಒಂದೇ ಆಗುತ್ತದೆ ಎಂಬುದು ಹೆಚ್ಚು ಸರಳವಾದ ಕಾರಣ. ಮಾನವಶಾಸ್ತ್ರದಲ್ಲಿ ಈ ಮಾದರಿಗೆ ‘ದ್ರಾವಿಡ’ ಎಂದೇ ಹೆಸರು ಬಿದ್ದಿದೆ, ಅದು ಎಲ್ಲಿಯೇ ಸಿಗಲಿ. ಇಂಗ್ಲಿಷಿನ ಒತ್ತಡದಲ್ಲಿ ಇಂದಿನ ಕಿರಿಯರು ಈ ಭೇದಗಳನ್ನೆಲ್ಲ ‘ಅಂಕಲ್’ ‘ಆಂಟಿ’ಗಳಿಗೆ ಇಳಿಸಿರುವುದು ಅಲ್ಲಿಯೂ ಇದೆ, ಬೆಂಗಳೂರಿನಲ್ಲಿಯೂ ಇದೆ.

ತುಳು ಬಲ್ಲವರಿಗೆ ಇನ್ನೊಂದು ಅನುಕೂಲ. ಕ್ರೀಯಲ್ಲಿ ‘ನಾವು’ ಎರಡು. ಕೇಳುವವರನ್ನು ಬಿಟ್ಟು ‘ನಾವಷ್ಟೇ’ ಎಂದರೆ ‘ನಿಯನಾನ್’. ಕೇಳುವವರನ್ನೂ ಸೇರಿಸಿಕೊಂಡರೆ ‘ಕಿಯಾನವ್’, ಇಲ್ಲಿಯೂ ಆ ‘ಕಿ’ ಮುಂದೆ ಬಂದು ನಿಂತಿರುವುದನ್ನು ಗಮನಿಸಿ. ತುಳುವಿನ ‘ಎಂಕುಲು’ ಮತ್ತು ‘ನಮ’ ಎಂಬ ಭೇದ ಇದೇ. ಇಂದಿನ ಕನ್ನಡದಲ್ಲಿ ಈ ಭೇದ ಉಳಿದಿಲ್ಲ.

ಬರಮಾಡಿಕೊಳ್ಳುವ ಮತ್ತು ಬೀಳ್ಕೊಡುವ ಮಾತುಗಳು ಇನ್ನು ಸುಲಭ. ‘ಸ್ವಾಗತ’ ಎಂದು ಕಚೇರಿಗಳ ಬಾಗಿಲಲ್ಲಿ ಬರೆದಿರುವ ‘ತವಾವ್’ ಪದದ ಅರ್ಥ ‘ಜಾಗವಿದೆ’ ಎಂದು. ತುಂಬಿದ ಪಂಕ್ತಿಯಲ್ಲಿ ಸರಿದು ಕುಳಿತು ‘ಬನ್ನಿ, ಜಾಗ ಇದೆ’ ಎನ್ನುವ ದನಿಯೇ ಅದರಲ್ಲಿದೆ. ಇದಕ್ಕಿಂತ ಒಳ್ಳೆಯ ಸ್ವಾಗತದ ಪದ ನನಗೆ ಯಾವ ಭಾಷೆಯಲ್ಲೂ ಕಂಡಿಲ್ಲ. ‘ಪೀಹ್ತೊಕ್ವೇ’ ಎಂದರೆ ಒಳಗೆ ಬಾ, ‘ಅಪಿ’ ಎಂದರೆ ಕುಳಿತುಕೋ, ‘ಆಸ್ತಮ್’ ಎಂದರೆ ಇತ್ತ ಬಾ. ಹೊರಡುವಾಗ ಬಯಲುಸೀಮೆಯ ಕ್ರೀಯಲ್ಲಿ ‘ವಿದಾಯ’ಕ್ಕೆ ಸಮನಾದ ಪದವಿಲ್ಲ. ನಾವು ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವಂತೆ, ಅವರು ‘ಕೀಹ್ತ್ವಾಮ್ ಕ-ವಾಪಮಿತಿನ್’ ಎನ್ನುತ್ತಾರೆ, ಮತ್ತೆ ನಿನ್ನನ್ನು ಕಾಣುತ್ತೇನೆ. ಅದಕ್ಕಿಂತ ಹಗುರವಾದದ್ದು ‘ಏಕೊಸಿ ಪಿತಮಾ’, ‘ಸದ್ಯಕ್ಕೆ ಇಷ್ಟೇ’. ‘ಏಕೊಸಿ’ ಎಂಬುದನ್ನು ನೀವು ದಿನಕ್ಕೆ ಹತ್ತು ಸಲ ಕೇಳುತ್ತೀರಿ. ‘ಸರಿ’, ‘ಆಯಿತು’, ‘ಹಾಗೆಯೇ’ ಎಂಬ ಎಲ್ಲ ಜಾಗಗಳಲ್ಲೂ ಅದು ಕೂರುತ್ತದೆ. ‘ಏಹ’ ಹೌದು, ‘ನಮೋಯ’ ಇಲ್ಲ ಅಥವಾ ಅಲ್ಲ. ‘ಕಿಯಾಮ್’ ಎಂಬ ಇನ್ನೊಂದು ಪದವಿದೆ. ‘ಇರಲಿ ಬಿಡು’ ಎಂಬುದಕ್ಕಿಂತ ಹತ್ತಿರದ ಕನ್ನಡ ಅದಕ್ಕಿಲ್ಲ. ‘ವಹ್ವಾ’ ಎಂದರೆ ಮಾತ್ರ ಹೊಗಳಿಕೆಯೆಂದು ಹಿಗ್ಗಬೇಡಿ; ಅದು ‘ಅಯ್ಯಯ್ಯೋ’ ಎಂಬಂತಹ ಅಚ್ಚರಿಯ ಉದ್ಗಾರ. ಹೊಸ ವರ್ಷದ ಮೊದಲ ದಿನಕ್ಕೆ ಅವರಲ್ಲಿ ‘ಒಚೇಹ್ತೊವಿ-ಕೀಸಿಕಾವ್’ ಎಂಬ ಹೆಸರಿದೆ, ‘ಮುತ್ತಿಟ್ಟುಕೊಳ್ಳುವ ದಿನ’.

ನಿಮ್ಮ ಕೆಲಸಕ್ಕೆ ಸಂಬಂಧಿಸಿದ ಕೆಲವು ಮಾತುಗಳು. ‘ಮಸ್ಕಿಹ್ಕಿಯ್’ ಎಂದರೆ ಮೂಲಿಕೆ, ಔಷಧ. ಅದರಿಂದಲೇ ವೈದ್ಯ ‘ಮಸ್ಕಿಹ್ಕೀವಿಯಿನಿವ್’, ನರ್ಸ್ ‘ಮಸ್ಕಿಹ್ಕೀವಿಸ್ಕ್ವೇವ್’. ‘ಆಪೊಯ್’ ಎಂಬ ಬಾಲ ಸೇರಿದರೆ ದ್ರವ ಎಂದರ್ಥ ಬರುತ್ತದೆ. ಇದೊಂದು ಬಾಲ ಹಿಡಿದು ಹೊರಟರೆ ಒಂದು ಅಡುಗೆಮನೆಯೇ ತೆರೆದುಕೊಳ್ಳುತ್ತದೆ: ಹಾಲು ‘ತೊಹ್ತೋಸಾಪೊಯ್’, ಮೊಲೆಯ ದ್ರವ, ಸಾರು ‘ಮೀಚಿಮಾಪೊಯ್’, ಊಟದ ದ್ರವ, ಕಾಫಿ ‘ಪಿಹ್ಕಹ್ತೇವಾಪೊಯ್’, ಸುಟ್ಟದ್ದರ ದ್ರವ, ಹೆಂಡ ‘ಇಸ್ಕೊತೇವಾಪೊಯ್’, ಬೆಂಕಿಯ ದ್ರವ. ಚಹಾ ‘ಮಸ್ಕಿಹ್ಕೀವಾಪೊಯ್’, ಔಷಧದ ದ್ರವ, ಹೆಚ್ಚುಕಡಿಮೆ ನಮ್ಮ ಕಷಾಯ. ಫಾರ್ಮಸಿಸ್ಟ್ ಆದ ನೀವು ಇಲ್ಲಿ ಜಾಗರೂಕರಾಗಿರಬೇಕು: ಅಜ್ಜ ಬೆಳಿಗ್ಗೆ ಎರಡು ಸಲ ‘ಮಸ್ಕಿಹ್ಕೀವಾಪೊಯ್’ ಕುಡಿದೆನೆಂದರೆ ಅದು ನೀವು ಕೊಟ್ಟ ಸಿರಪ್ಪೋ ಬರಿಯ ಚಹಾವೋ ಎಂದು ಮತ್ತೊಮ್ಮೆ ಕೇಳಿ. ‘ಕಿತಾಹ್ಕೊಸಿನ್ ಚೀ?’ ಎಂದರೆ ನಿನಗೆ ಹುಷಾರಿಲ್ಲವೇ, ‘ಕಿಮಿಯೊಮಹ್ಚಿಹೊನ್ ಚೀ?’ ಎಂದರೆ ಮೈ ಹಗುರವಾಗಿದೆಯೇ, ಆರಾಮವೇ. ಈ ‘ಚೀ’ ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯ ಗುರುತು, ‘ಬಂದೆಯಾ’ ಎಂಬಲ್ಲಿನ ‘ಆ’ದಂತೆ, ಅಸಹ್ಯದ ಉದ್ಗಾರವೆಂದು ತಿಳಿದು ಬೆಚ್ಚಬೇಡಿ. ಎಣಿಕೆಗೆ ‘ಪೇಯಕ್, ನೀಸೊ, ನಿಸ್ತೊ, ನೇವೊ, ನಿಯಾನನ್’ ಎಂದು ಐದರವರೆಗೆ ಸಾಕು. ಆದರೂ ಒಂಬತ್ತನ್ನು ಹೇಳಿಬಿಡುತ್ತೇನೆ: ‘ಕೇಕಾ-ಮಿತಾತಹ್ತ್’, ‘ಹತ್ತಕ್ಕೆ ಸ್ವಲ್ಪ ಕಡಿಮೆ’. ನಮ್ಮ ‘ಒಂಬತ್ತು’ ಕೂಡ ಹತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕದಿಂದಲೇ ಬಂದದ್ದು.

ಉಚ್ಚಾರದಲ್ಲಿ ಕನ್ನಡದವರು ಪುಣ್ಯವಂತರು. ಇಂಗ್ಲಿಷ್ ಮನೆಮಾತಿನವರು ಹ್ರಸ್ವ-ದೀರ್ಘ ಭೇದದಲ್ಲಿ ಎಡವುತ್ತಾರೆ. ಕ್ರೀಯಲ್ಲಿ ಅದು ಅರ್ಥವನ್ನೇ ಬದಲಿಸುತ್ತದೆ. ‘ನಿಪಿಯ್’ ನೀರು, ‘ನೀಪಿಯ್’ ಎಲೆ; ‘ಸಕಹಿಕನ್’ ಮೊಳೆ, ‘ಸಾಕಹಿಕನ್’ ಕೆರೆ ಅಥವಾ ಸರೋವರ. ರೋಮನ್ ಬರಹದಲ್ಲಿ ಸ್ವರದ ಮೇಲೆ ಟೊಪ್ಪಿಗೆಯಂತಹ ಗುರುತೋ ಅಡ್ಡಗೆರೆಯೋ ಇದ್ದರೆ ದೀರ್ಘ ಎಂದು ತಿಳಿಯಿರಿ. ‘ಏ’ಕಾರ ಬಯಲುಸೀಮೆಯ ಕ್ರೀಯಲ್ಲಿ ಯಾವಾಗಲೂ ದೀರ್ಘವೇ. ನಮ್ಮ ಕಷ್ಟವೆಲ್ಲ ‘ಹ್ಕ’, ‘ಹ್ತ’ ಎಂಬ ಒತ್ತಕ್ಷರಗಳಲ್ಲಿ. ‘ನೋಹ್ಕೊಮ್’ ಎಂಬಲ್ಲಿನ ‘ಹ’ಕಾರವನ್ನು ನುಂಗಬಾರದು, ಎರಡನೆಯ ಅಕ್ಷರವನ್ನು ಮಹಾಪ್ರಾಣ ಮಾಡಿ ‘ನೋಖೊಮ್’ ಎನ್ನಲೂಬಾರದು. ಉಸಿರು ‘ಕ’ಕಾರಕ್ಕೆ ಮೊದಲೇ ಹೊರಬೀಳಬೇಕು.

ಊರಿನ ಫಲಕಗಳ ಮೇಲೆ ತ್ರಿಕೋನ, ಕೊಕ್ಕೆಗಳಂತಹ ಅಕ್ಷರಗಳನ್ನು ನೀವು ನೋಡಿರಬಹುದು. 1840ರಲ್ಲಿ ಪಕ್ಕದ ಮ್ಯಾನಿಟೋಬಾ ಪ್ರಾಂತದ ನಾರ್ವೆ ಹೌಸ್ ಎಂಬ ಊರಿನಲ್ಲಿದ್ದ ಮೆಥೊಡಿಸ್ಟ್ ಪಾದ್ರಿ ಜೇಮ್ಸ್ ಇವಾನ್ಸ್ ಈ ಲಿಪಿಯಲ್ಲಿ ಅಚ್ಚುಮೊಳೆ ಎರಕ ಹೊಯ್ದು ಪ್ರಾರ್ಥನಾಗೀತೆಗಳನ್ನು ಮುದ್ರಿಸಿದ. ಕ್ರೀ ಜನರ ಪರಂಪರೆಯಲ್ಲಿ ಇದು ‘ಮಿಸ್ತನಸ್ಕೊವೇವ್’ ಎಂಬ ತಮ್ಮವನೇ ಆದ ಹಿರಿಯನಿಗೆ ದಿವ್ಯಲೋಕದಿಂದ ದೊರೆತ ವರ. ಕಾಗುಣಿತ ಕಲಿತವರಿಗೆ ಇದರ ಗುಟ್ಟು ಐದು ನಿಮಿಷದಲ್ಲಿ ತಿಳಿಯುತ್ತದೆ. ವ್ಯಂಜನಕ್ಕೆ ಒಂದು ಆಕಾರ, ಅದನ್ನು ತಿರುಗಿಸಿದರೆ ಸ್ವರ ಬದಲಾಗುತ್ತದೆ: ಕೋನದ ಚೂಪು ಮೇಲಿದ್ದರೆ ‘ಪಿ’, ಕೆಳಗಿದ್ದರೆ ‘ಪೇ’, ಬಲಕ್ಕಿದ್ದರೆ ‘ಪೊ’, ಎಡಕ್ಕಿದ್ದರೆ ‘ಪ’. ನಾವು ಅಕ್ಷರಕ್ಕೆ ಗುಡಿಸು, ಏತ್ವ ಹಚ್ಚುತ್ತೇವೆ. ಅವರು ಅಕ್ಷರವನ್ನೇ ಹೊರಳಿಸುತ್ತಾರೆ.

ಕೊನೆಗೆ ನೀವು ಕೇಳದಿದ್ದರೂ ಹೇಳಬೇಕಾದ ಒಂದು ವಿಷಯವಿದೆ. ನಿಮ್ಮಲ್ಲಿಗೆ ಬರುವ ಹಿರಿಯರಲ್ಲಿ ಹಲವರು ಬಾಲ್ಯದಲ್ಲಿ ಮನೆಯಿಂದ ದೂರ ಒಯ್ಯಲ್ಪಟ್ಟು ಸರ್ಕಾರ ಮತ್ತು ಚರ್ಚುಗಳ ವಸತಿಶಾಲೆಗಳಲ್ಲಿ ಬೆಳೆದವರಿರಬಹುದು. ಸುಮಾರು 1,50,000 ಮೂಲನಿವಾಸಿ ಮಕ್ಕಳು ಆ ಶಾಲೆಗಳಿಗೆ ಹೋದರು. ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ತಾಯ್ನುಡಿ ಆಡಿದ್ದಕ್ಕೆ ಅಲ್ಲಿ ಶಿಕ್ಷೆಯಾಗುತ್ತಿತ್ತೆಂಬುದು 2015ರ ಸತ್ಯ ಮತ್ತು ಸಾಮರಸ್ಯ ಆಯೋಗದ ವರದಿಯಲ್ಲಿ ದಾಖಲಾಗಿದೆ. ಆದ್ದರಿಂದ ನೀವು ‘ತಾನಿಸಿ’ ಎಂದಾಗ ಒಬ್ಬರ ಮುಖ ಅರಳಿದರೆ, ಇನ್ನೊಬ್ಬರು ಇಂಗ್ಲಿಷಿನಲ್ಲೇ ಉತ್ತರಿಸಿ ಮಾತು ಮುಗಿಸಬಹುದು. ಕೆಲವರಿಗೆ ಭಾಷೆಯೇ ಕೈತಪ್ಪಿರಬಹುದು. ಒತ್ತಾಯಿಸಬೇಡಿ. ಎಲ್ಲ ಮೂಲನಿವಾಸಿಗಳೂ ಕ್ರೀಯವರಲ್ಲ ಎಂಬುದೂ ನೆನಪಿರಲಿ. ನಿಮ್ಮ ಪ್ರಾಂತದಲ್ಲೇ ಡೆನೆ, ಡಕೋಟಾ, ಸೊಟೊ ಜನರಿದ್ದಾರೆ. ಅವರಾಗಿಯೇ ‘ತಾನ್ಸಿ’ ಎಂದವರಿಗೆ ಮರುಮಾತು ಹೇಳುವುದರಿಂದ ಆರಂಭಿಸುವುದು ಕ್ಷೇಮ.

ನೀವು ‘ನಮೋಯ ನಾನಿತವ್’ ಎಂದ ಕೂಡಲೇ ಎದುರಿನವರು ಹುರುಪಿನಿಂದ ನಾಲ್ಕು ಉದ್ದದ ವಾಕ್ಯಗಳನ್ನು ಆಡುವ ಸಂಭವವಿದೆ. ಆಗ ತಲೆಯಾಡಿಸಿ ಎಲ್ಲ ತಿಳಿದಂತೆ ನಟಿಸುವ ಬದಲು ‘ಅಪಿಸೀಸ್ ನಿನೇಹಿಯವಾನ್’ ಎನ್ನಿ, ನನಗೆ ಕ್ರೀ ಸ್ವಲ್ಪವೇ ಬರುತ್ತದೆ ಎಂದರ್ಥ. ಮತ್ತೊಮ್ಮೆ ಕೇಳಬೇಕೆನಿಸಿದರೆ ‘ಕೀಹ್ತ್ವಾಮ್ ಇತ್ವೇ’, ಇನ್ನೊಮ್ಮೆ ಹೇಳು. ಮಾತ್ರೆಯನ್ನು ಎಷ್ಟು ಹೊತ್ತಿಗೆ, ಎಷ್ಟು ಸಲ ನುಂಗಬೇಕು ಎಂಬುದನ್ನು ಮಾತ್ರ ನಿಮ್ಮ ಅರೆಬರೆ ಕ್ರೀಯಲ್ಲಿ ಹೇಳಲು ಹೋಗಬೇಡಿ. ಅದಕ್ಕೆ ಭಾಷೆ ಬಲ್ಲ ಮನೆಯವರನ್ನೋ ದುಭಾಷಿಯನ್ನೋ ಕರೆಯಿರಿ.